ಬೇವಿಗೊಂದು ತಂಬಿಗೆ ನೀರು

ತಾಯಿಯ ಎದೆಗೆ ಬಾಯಿಟ್ಟ ಮಗಳು ಮುಖ ಕಿವುಚಿ ಹಿಂದೆ ಸರಿದಳು. ಮೂರು ತುಂಬಿದರೂ ಅವಳು ಮೊಲೆ ಬಿಟ್ಟಿರಲಿಲ್ಲ. ನನ್ನ ಹೆಂಡತಿ ಮತ್ತೆ ಬಸುರಿಯಾಗಿ ಸೊರಗಿದ್ದಳು. ಆದ್ದರಿಂದ ಹಿರಿಯರ ಠರಾವಿನಂತೆ ನನ್ನವ್ವ ಬೇವಿನೆಲೆ ಅರೆದು ಸೊಸೆಯ ಎದೆಗೆ ಹಚ್ಚಿಸಿದ್ದಳು. ಎಪ್ಪತ್ತರ ದಶಕದ ಮಾತು. ಸಿಂದಗಿಯ ನಮ್ಮ ಪಡಸಾಲೆಯಲ್ಲಿ ಮನೆಮಂದಿಯೆಲ್ಲ ಅಳು ಕೇಳಲು ಸಿದ್ಧರಾಗಿ ಕುಳಿತಿದ್ದೆವು.

ಮಗಳು ಅಳಲಿಲ್ಲ. ಬಚ್ಚಲಿಗೆ ಹೋಗಿ, ಎರಡೂ ಕೈಯಲ್ಲಿ ತಂಬಿಗೆ ನೀರು ಹಿಡಿದು ತಂದು ತಾಯಿಯ ಮುಂದಿಟ್ಟಳು.

“ಯವ್ವಾ, ತೊಳಕೊಂಡ ಬಾ. ನಾ ಇಲ್ಲೇ ಕುಂತಿರ್ತೇನಿ.”

“ಉಣ್ಣೂ ಮುಂದ ತೊಳಕೋಬೇಕಂತ ಕಲಿಸಿದಾಂವ ನೀನ ಅಲ್ಲೇನಪಾ?” ಎಂದು ಅವ್ವ ನನ್ನತ್ತ ನೋಡಿದಳು.

ಹೆಂಡತಿ ತಂಬಿಗೆ ಎತ್ತಿಕೊಂಡು ಬಚ್ಚಲಿಗೆ ನಡೆದಳು. ಠರಾವು ರದ್ದಾಯಿತು.

ತಮ್ಮ ಹುಟ್ಟಿದಾಗ ಮಗಳು ತಾನಾಗಿಯೇ ಮೊಲೆ ಬಿಟ್ಟಳು. ಆದರೆ ಅವನು ಅತ್ತಾಗಲೆಲ್ಲ, ಮೊದಲು ತಾಯಿಯ ಪಕ್ಕದಲ್ಲಿ ತಂಬಿಗೆ ನೀರು ತಂದಿಡುತ್ತಿದ್ದಳು.