ಒಂದು ಹನಿ ಮದ್ದು, ಒಂದು ಬಸ್ಸಿನ ಬೋರ್ಡು

ಕಣ್ಣಿಗೆ ಮದ್ದು ಬಿಡುವಾಗ ಮನುಷ್ಯ ಬಾಯಿಯನ್ನೇಕೆ ತೆರೆಯುತ್ತಾನೆ, ನಿಮಗೇನಾದರೂ ಗೊತ್ತೆ? ಒಂಬತ್ತು ವರ್ಷದ ಮಗಳು ಇಂಚರಾಳಿಗೆ ಮೊದಲ ಸಲ ಹನಿ ಬಿಡುವಾಗ, ಬಿಟ್ಟುಕೊಳ್ಳುವ ಅವಳೂ ಬಿಡುವ ನಾನೂ ಬಾಯಿ ತೆರೆದುಕೊಂಡೇ ಇದ್ದೆವು. ಹನಿ ಕೆನ್ನೆಗೆ ಬಿತ್ತು.

ಶಿರಂಗಾಲದ ಕಡೆ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳುವ ನನಗೆ ದೂರದೃಷ್ಟಿಯಿಲ್ಲವೆಂಬುದು ಮನೆಯಾಕೆಯ ಹಳೆಯ ಆರೋಪ. ಮಗಳದ್ದು ಸಮೀಪದೃಷ್ಟಿಯೆಂದು ಮೈಸೂರಿನ ಡಾಕ್ಟರಮ್ಮ ಹೇಳಿದಾಗ ಮಾತ್ರ ಯಾರಿಗೂ ನಗು ಬರಲಿಲ್ಲ. ಆರಾರು ತಿಂಗಳಿಗೆ ಕನ್ನಡಕದ ಪವರ್ ಏರುತ್ತಿತ್ತು. ಕಣ್ಣುಗುಡ್ಡೆ ಉದ್ದವಾಗಿ ಬೆಳೆಯುತ್ತಿದೆ, ಹೀಗೇ ಬಿಟ್ಟರೆ ಮುಂದೆ ಕಣ್ಣಿನ ಹಿಂಬದಿಗೆ ತೊಂದರೆಯಾದೀತು ಎಂದ ಆಕೆ, ತೀರಾ ಕಡಿಮೆ ಕಸುವಿನ ಹನಿ ಬರೆದು, ತಿಂಗಳು ಬಿಟ್ಟು ಬರಹೇಳಿದರು.

ಕಾಯುವ ವ್ಯವಧಾನ ನನಗೆಲ್ಲಿ? ದಿನವೂ ಸಂಜೆ ಮಗಳ ಕನ್ನಡಕ ಕಳಚಿಸಿ, ಗೇಟಿನ ಬಳಿ ನಿಲ್ಲಿಸಿ, ತಿರುವಿನಲ್ಲಿ ಕಾಣಿಸಿಕೊಳ್ಳುವ ಬಸ್ಸಿನ ಬೋರ್ಡು ಓದಿಸತೊಡಗಿದೆ. ಮೊದಲ ವಾರವೆಲ್ಲ ಮಂಜುಮಂಜು ಎಂದಳು. ಎರಡನೆಯ ವಾರ ‘ಕುಶಾಲನಗರ’ ಎಂದು ಥಟ್ಟನೆ ಓದಿಬಿಟ್ಟಳು. ಸ್ಟಾಫ್ ರೂಮಿನಲ್ಲಿ ನಾನು ಆ ಹನಿಯ ಮಹಿಮೆಯನ್ನು ಎಷ್ಟು ಕೊಂಡಾಡಿದೆನೆಂದರೆ, ಚಾಳೀಸು ಕಳಚುವ ಆಸೆಯಿಂದ ಡ್ರಿಲ್ ಮೇಷ್ಟ್ರು ಅದರ ಹೆಸರು ಬರೆದುಕೊಂಡರು.

ತಿಂಗಳಾದ ಮೇಲೆ ಮೈಸೂರಿನಲ್ಲಿ ಯಂತ್ರವೊಂದು ಮಗಳ ಕಣ್ಣಿನ ಹಿಂಬದಿಯ ಚಿತ್ರ ತೆಗೆಯಿತು. ಅಲ್ಲಿನ ರಕ್ತನಾಳಗಳ ಪದರ ಎಳ್ಳಷ್ಟು ದಪ್ಪಗಾದಂತಿದೆ, ಅದು ಒಳ್ಳೆಯ ಸೂಚನೆಯೇ, ಆದರೆ ಇಷ್ಟು ಬೇಗ ಏನನ್ನೂ ಹೇಳಲಾಗದು ಎಂದರು ಡಾಕ್ಟರಮ್ಮ. ಪವರ್ ಇದ್ದಷ್ಟೇ ಇತ್ತು. ಅದು ಇಳಿಯುವುದಿಲ್ಲ, ಏರುವ ವೇಗ ತಗ್ಗಿದರೆ ಸಾಕು, ಅದಕ್ಕೂ ವರ್ಷಗಳೇ ಬೇಕಂತೆ. ನಾನು ಬಿಡದೆ ಬಸ್ಸಿನ ಬೋರ್ಡಿನ ಸಾಕ್ಷ್ಯ ಮುಂದಿಟ್ಟೆ. ಡಾಕ್ಟರಮ್ಮ ಮಗಳತ್ತ ನೋಡಿದರು. ಮಗಳು ತನ್ನ ಚಪ್ಪಲಿ ನೋಡಿಕೊಂಡಳು.

“ಆ ಹೊತ್ತಿಗೆ ಬರೋದು ಅದೊಂದೇ ಬಸ್ಸು ಅಪ್ಪಾಜಿ,” ಎಂದಳು. “ಕಾಣಲ್ಲ ಅಂದ್ರೆ ನಿಮ್ಮ ಮುಖ ಸಪ್ಪಗಾಗ್ತಿತ್ತು.”

ನನ್ನ ಮುಖ ಹತ್ತಿರದಲ್ಲೇ ಇತ್ತಲ್ಲ. ಅದನ್ನು ಓದಲು ಅವಳಿಗೆ ಕನ್ನಡಕ ಬೇಕಿರಲಿಲ್ಲ. ಪರೀಕ್ಷೆ ಮಾಡುತ್ತಿದ್ದೇನೆಂದು ಬೀಗಿದವನು ನಾನು, ದಿನವೂ ಪಾಸು ಮಾಡಿಸುತ್ತಿದ್ದವಳು ಅವಳು. ನಾಚಿಕೆಯಾಯಿತು.

ಹನಿಯ ಜೊತೆಗೆ ದಿನಾ ಒಂದೆರಡು ಗಂಟೆ ಬಯಲ ಬೆಳಕೂ ಬೇಕೆಂದು ಡಾಕ್ಟರಮ್ಮ ಹೇಳಿದ್ದರಿಂದ ಈಗ ಸಂಜೆ ಹೊಳೆದಂಡೆಗೆ ಹೋಗುತ್ತೇವೆ. ಏನು ಕಾಣುತ್ತದೆಂದು ಕೇಳುವುದನ್ನು ಬಿಟ್ಟಿದ್ದೇನೆ. ಮೊನ್ನೆ ಅವಳಾಗಿಯೇ ಆಚೆದಡ ತೋರಿಸಿ, ಕನ್ನಡಕ ಹಾಕಿಕೊಂಡರೂ ಅಲ್ಲಿರುವ ಬಿಳಿಯದು ಕೊಕ್ಕರೆಯೋ ಒಗೆದುಹಾಕಿದ ಬಟ್ಟೆಯೋ ತಿಳಿಯುತ್ತಿಲ್ಲ ಎಂದಳು. ನನಗೂ ತಿಳಿಯಲಿಲ್ಲ, ಹಾಗೆಂದೇ ಹೇಳಿದೆ. ಅದು ಹಾರುತ್ತದೋ ಇಲ್ಲವೋ ನೋಡೋಣವೆಂದು ಇಬ್ಬರೂ ಕಾದು ನಿಂತೆವು.