ಎಲ್ಲಿಗೆ ಎಂದು ಕೇಳಿ ಬಸ್ಸು ಖಾಲಿ ಮಾಡಿದ್ದು

ಧಾರವಾಡ ಬಿಟ್ಟದ್ದು ಸೋಮವಾರ ಬೆಳಿಗ್ಗೆ. ಬಗಲಲ್ಲಿ ಹಾಸಿಗೆಯ ಸುರುಳಿ, ಚೀಲದಲ್ಲಿ ಒಂದು ಕಟ್ಟು ಫಾರ್ಮು, ಕಿಸೆಯಲ್ಲಿ ಎರಡು ಪೆನ್ಸಿಲ್ಲು. ಹಳಿಯಾಳದ ಆಚೆ ಕಾಡಿನಂಚಿನ ಒಂದು ಹಳ್ಳಿಯಿಂದ ಹಳಿಯಾಳದ ಮೇಲೆ ಹಾದು ದಾಂಡೇಲಿಗೆ ಮೂರು ದಿನ ಬಸ್ಸು ಓಡಿಸಿ ನೋಡುವುದೆಂದು ನಮ್ಮ ಕಚೇರಿ ನಿಶ್ಚಯಿಸಿತ್ತು. ಚಕ್ಕಡಿಗೆ ಒಗ್ಗಿದ ಜನ ಬಸ್ಸು ಹತ್ತುತ್ತಾರೋ ಇಲ್ಲವೋ, ಯಾಕೆ, ಯಾಕಿಲ್ಲ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಮೂರನೆಯ ದಿನ ಸಾಹೇಬರು ದಾಂಡೇಲಿಯಲ್ಲಿ ನಿಂತು ನೋಡುವರು. ಬಸ್ಸು ತುಂಬಿ ಬಂದರೆ ಕಾಯಂ, ಖಾಲಿ ಬಂದರೆ ಅಂದೇ ಬಂದ್.

ಹಳಿಯಾಳದ ಖಾನಾವಳಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಉಂಡು, ಅಲ್ಲಿಂದ ಎಂಟು ಮೈಲಿ ಆ ಹೊಸ ಬಸ್ಸಿನಲ್ಲೇ ಮೈಯೆಲ್ಲ ಕುಲುಕಿಸಿಕೊಂಡು ಹಳ್ಳಿ ಮುಟ್ಟಿದೆ. ಚಾವಡಿಯಲ್ಲಿ ವಸ್ತಿ. ಸುಗ್ಗಿಯ ಕಾಲ, ಚಳಿಯೂ ಜೋರಾಗಿತ್ತು.

ಮಂಗಳವಾರ ಎಂಟಕ್ಕೆ ಬಸ್ಸು ಹೊರಡಬೇಕು. ಏಳೂವರೆಗೇ ಹುಣಸೆಮರದ ಕೆಳಗೆ ಜನವೋ ಜನ! ಮಡಿಕೆ ಮುರಿಯದ ಸೀರೆ, ಹೊಸ ರುಮಾಲು, ಗಂಟುಮೂಟೆ. ನನಗೋ ಹಿಗ್ಗು. ಮೊದಲನೆಯವರ ಮುಂದೆ ನಿಂತು ಫಾರ್ಮಿನ ಮೊದಲ ಪ್ರಶ್ನೆ ಓದಿದೆ: "ಎಲ್ಲಿಗೆ ಹೊರಟಿದ್ದೀರಿ?"

ಆ ಹಿರಿಯರು ನನ್ನ ಮುಖ ನೋಡಿದರು, ಗಂಟು ಹೆಗಲಿಗೇರಿಸಿದರು. "ಮನ್ಯಾಗ ಸ್ವಲ್ಪ ಕೆಲಸ ಐತ್ರಿ" ಎಂದು ತಿರುಗಿ ನಡೆದರು. ಎರಡನೆಯವರಿಗೂ ಮನೆಯಲ್ಲಿ ಕೆಲಸ. ಮೂರನೆಯವರಿಗೂ. ನಾನು ಕೇಳುತ್ತ ಹೋದ ಹಾಗೆ ಸಾಲು ಕರಗುತ್ತ ಹೋಯಿತು. ಕೊನೆಗೆ ಉಳಿದವನು ಜೋಯಿಡಾ ಕಡೆಯ ಒಬ್ಬ ಕೊಂಕಣಿ ಮುದುಕ. ಅವನಿಗೆ ನನ್ನ ಕನ್ನಡ ತಿಳಿಯದ್ದರಿಂದ ಅವನ ಪ್ರಯಾಣ ಸುಸೂತ್ರವಾಗಿ ಸಾಗಿತು. "ಈ ಊರಿನವರದು ಚಂಚಲ ಸ್ವಭಾವ" ಎಂದು ಫಾರ್ಮಿನಲ್ಲಿ ಗಂಭೀರವಾಗಿ ಬರೆದೆ.

ಬುಧವಾರವೂ ಅದೇ ಹಾಡು. ಆದರೆ ಗಂಗವ್ವ ಎಂಬ ಹೆಂಗಸು ಮಾತ್ರ ಸುಮ್ಮನೆ ಹೋಗಲಿಲ್ಲ. ಬುಟ್ಟಿ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಶುಭಕಾರ್ಯಕ್ಕ ಹೊಂಟಾಕಿನ್ನ ಎಲ್ಲಿಗೆ ಅಂತ ಅಡ್ಡ ಕೇಳ್ತೀಯಲ್ಲೋ ತಮ್ಮಾ! ನಿಮ್ಮವ್ವ ನಿನಗ ಇದನ್ನ ಕಲಿಸಿಲ್ಲೇನು?"

ಕಲಿಸಿದ್ದಳು, ಬೆನ್ನಿಗೆ ಗುದ್ದಿ ಕಲಿಸಿದ್ದಳು. ಹೊರಟವರನ್ನು ಎಲ್ಲಿಗೆ ಎನ್ನಬಾರದು. ಎಂದರೆ ಅವರು ಮನೆಗೆ ತಿರುಗಿ, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಸರಕಾರಿ ಕಾಗದ ಕೈಗೆ ಬಂದದ್ದೇ ತಾಯಿಯ ಮಾತು ಮರೆತಿದ್ದೆ. ಚಕ್ಕಡಿಯಾದರೆ ಕಾಯುತ್ತಿತ್ತು. ನಮ್ಮ ಬಸ್ಸು ಎಂಟೆಂದರೆ ಎಂಟಕ್ಕೆ ಹೊರಟುಬಿಟ್ಟಿತು. ನೀರು ಕುಡಿದು ಓಡೋಡಿ ಬಂದ ಗಂಗವ್ವನಿಗೆ ಸಿಕ್ಕಿದ್ದು ಅದರ ಧೂಳು, ಮತ್ತು ಬಸ್ಸು ಹತ್ತದೆ ಅಲ್ಲೇ ತಪ್ಪಿತಸ್ಥನಂತೆ ನಿಂತಿದ್ದ ನಾನು.

ಅವಳ ಮಗಳು ದಾಂಡೇಲಿಯ ಬಂಗೂರನಗರದಲ್ಲಿ ಬಾಣಂತಿ, ಅಳಿಯ ಕಾಗದದ ಗಿರಣಿಯಲ್ಲಿ ಕೆಲಸಗಾರ. ಗುರುವಾರ ಮಧ್ಯಾಹ್ನ ಕೂಸಿನ ತೊಟ್ಟಿಲು. ಬುಟ್ಟಿಯಲ್ಲಿ ಬಾಣಂತಿಗೆ ಅಂಟಿನುಂಡಿ, ಕೂಸಿಗೆ ಕೈಯಾರೆ ಹೊಲಿದ ಕುಂಚಿಗೆ.

"ಎತ್ತು ಕಣದಾಗ ಅದಾವು, ಚಕ್ಕಡಿ ಹೂಡಂಗಿಲ್ಲ. ನಾಳಿನ ಬಸ್ಸೂ ತಪ್ಪಿತಂದ್ರ ಮಮ್ಮಗನ ಹೆಸರು ಮಂದೀ ಬಾಯಾಗ ಕೇಳಬೇಕು" ಎನ್ನುತ್ತ ಅವಳು ಸೆರಗಿನಿಂದ ಬುಟ್ಟಿಯ ಧೂಳು ಒರೆಸಿದಳು. ನನಗೆ ನಿಜವಾಗಿ ನಾಚಿಕೆಯಾಯಿತು.

"ಹಂಗಾರ ಏನಂತ ಕೇಳ್ಲಿ ಅವ್ವ?"

"ದೂರ ಹೊಂಟೀರೇನ್ರಿ ಅನ್ನು. ಊರಿನ ಹೆಸರು ನಾವ ಹೇಳ್ತೇವಿ."

ಗುರುವಾರ ಫಾರ್ಮು ಚೀಲದಲ್ಲೇ ಉಳಿಯಿತು. "ದೂರ ಹೊಂಟೀರೇನ್ರಿ?" ಎಂದದ್ದೇ ತಡ, ಎಲ್ಲಿಗೆ, ಯಾರ ಮನೆಗೆ, ಏನು ಕಾರಣ, ಬರುವುದೆಂದು, ಎಲ್ಲವನ್ನೂ ತಾವಾಗಿಯೇ ಹೇಳಿಕೊಂಡು ಜನ ಬಸ್ಸು ತುಂಬಿದರು. ಗಂಗವ್ವ ಮುಂದಿನ ಸೀಟಿನಲ್ಲಿ ಬುಟ್ಟಿ ತೊಡೆಯ ಮೇಲಿಟ್ಟು ಕೂತಳು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಕಂಡಕ್ಟರ್ ಬಸಪ್ಪ ಟಿಕೇಟು ಹಿಡಿದು ಅವಳ ಮುಂದೆ ನಿಂತ. ಅವನ ಕಸುಬಿನ ಮಾತೇ ಅದು!

"ಎಲ್ಲಿ—"

"ದಾಂಡೇಲಿ ಒಂದು!" ಗಂಗವ್ವ ಕಿರುಚಿದಳು. ಬಸ್ಸಿಗೆ ಬಸ್ಸೇ ಉಪಾಯ ಕಲಿತಿತು. ಬಸಪ್ಪ ಬಾಯಿ ತೆರೆಯುವ ಮೊದಲೇ "ಹಳಿಯಾಳ ಎರಡು!", "ದಾಂಡೇಲಿ ನಾಕು!" ಎಂದು ಹಿಂದಿನ ಸೀಟಿನವರೆಗೂ ಕೂಗೆದ್ದಿತು. ಅವನು ಟಿಕೇಟು ಹರಿದು ಕೊಡುತ್ತ ಹೋದ.

ಗಿರಣಿಯ ಬಿದಿರು ಬೇಯುವ ವಾಸನೆ ಮೂಗಿಗೆ ಬಂದಾಗ ಇನ್ನೂ ಹತ್ತು ಗಂಟೆ. ಸಾಹೇಬರು ಇಳಿಯುವವರನ್ನು ಕಣ್ಣರಳಿಸಿ ನೋಡಿದರು. "ಕಾಯಂ ಮಾಡೋಣ" ಎಂದರು. ಗಂಗವ್ವ ಅದನ್ನು ಕೇಳಲು ನಿಲ್ಲಲಿಲ್ಲ, ಬಂಗೂರನಗರದ ದಾರಿ ಹಿಡಿದಿದ್ದಳು.

ಧಾರವಾಡಕ್ಕೆ ತಿರುಗಲು ಚೀಲ ಹೆಗಲಿಗೇರಿಸಿ ಎರಡು ಹೆಜ್ಜೆ ಹಾಕಿದ್ದೆ. ಬೆನ್ನ ಹಿಂದಿನಿಂದ ಸಾಹೇಬರು ಅಕ್ಕರೆಯಿಂದ ಕೇಳಿದರು: "ಎಲ್ಲಿಗೆ ಹೊರಟಿರಿ?"

ಅವರೇ ಅಲ್ಲವೇ ಆ ಫಾರ್ಮು ಬರೆದವರು. ಚೀಲ ಇಳಿಸಿದೆ. ಧಾರವಾಡದ ಬಸ್ಸು ನನ್ನನ್ನು ಬಿಟ್ಟು ಹೋಯಿತು. ವಿಚಾರಿಸುತ್ತ ಬಂಗೂರನಗರದ ಆ ಮನೆ ಮುಟ್ಟಿದಾಗ, ಹೊಸ ಕುಂಚಿಗೆ ತೊಟ್ಟ ಕೂಸನ್ನು ಎತ್ತಿಕೊಂಡು ಗಂಗವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನ ಮೋರೆ ನೋಡಿದಳು. ಒಳಗೆ ತಿರುಗಿ, "ಒಂದು ತಂಬಿಗಿ ನೀರು ತಗೊಂಡು ಬರ್ರಿ, ಪಾಪ, ಇವಗೂ ಯಾರೋ ಕೇಳ್ಯಾರ" ಎಂದಳು.