ಎಂಟು ದಿನ ಮುಂಚೆ ಹೋದ ಸೋಮನಿಂಗಪ್ಪ

ಜತ್ತ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರುವವರೆಗೆ ಸೋಮನಿಂಗಪ್ಪ ಅಲ್ಲಿಯ ಒಬ್ಬ ಕಾರಭಾರಿಯವರ ಮನೆಯಲ್ಲಿ ಕೋಠಿ ನೋಡಿಕೊಳ್ಳುತ್ತಿದ್ದ. ಕೋಠಿಯೆಂದರೆ ದವಸ, ತುಪ್ಪ, ಹಾಸಿಗೆ, ಕಂದೀಲು ಎಲ್ಲವನ್ನೂ ಇಡುವ ಉಗ್ರಾಣ. ಪ್ರತಿ ಬೇಸಿಗೆಗೆ ಆ ಮನೆತನ ಮಹಾಬಳೇಶ್ವರಕ್ಕೆ ಹೋಗುತ್ತಿತ್ತು. ಆದರೆ ಧನಿಗಳು ಹೊರಡುವ ಎಂಟು ದಿನ ಮೊದಲೇ ಸೋಮನಿಂಗಪ್ಪ ಸಾಮಾನು ತೆಗೆದುಕೊಂಡು ಹೋಗಬೇಕು. ವರ್ಷವಿಡೀ ಮುಚ್ಚಿದ್ದ ಬಂಗಲೆಯ ಬೀಗ ತೆಗೆದು, ಕೋಣೆ ಕೋಣೆಯಲ್ಲೂ ಇದ್ದಿಲಿನ ಶೇಗಡಿ ಇಟ್ಟು ಥಂಡಿ ಓಡಿಸಿ, ಹಾಸಿಗೆ ಹಾಕಿ, ಎಲ್ಲ ಸಿದ್ಧವಾಯಿತೆಂದು ಕಾಗದ ಹಾಕಬೇಕು. ಆ ಕಾಗದ ಮುಟ್ಟಿದ ಮೇಲೆ ಧನಿಗಳು ಹೊರಡುವರು. ಕೊನೆಗೆ ಎಲ್ಲರೂ ತಿರುಗಿ ಹೋದ ಮೇಲೆ ಬೀಗ ಹಾಕಿ ಬರುವವನೂ ಅವನೇ.

ಹೀಗೆ ಹದಿನೆಂಟು ಬೇಸಿಗೆ ಹೋಗಿದ್ದ. ಹೋದಾಗಲೆಲ್ಲ ಅಡಿಗೆಮನೆಯ ಹಿತ್ತಿಲು ಮತ್ತು ಪೇಟೆ, ಇವೆರಡನ್ನು ಬಿಟ್ಟು ಬೇರೇನೂ ನೋಡಿರಲಿಲ್ಲ. ಊಟಕ್ಕೆ ಕೂತಾಗ ಧನಿಗಳ ಮನೆಯವರು ಆಡಿದ ಮಾತನ್ನು ಬಡಿಸುತ್ತ ಕೇಳಿಸಿಕೊಂಡು, ಜತ್ತಿಗೆ ಬಂದು ಹೆಂಡತಿ ಸಿದ್ದಲಿಂಗವ್ವನಿಗೆ ಹೇಳುತ್ತಿದ್ದ. ಹತ್ತಿ ಹಿಂಜಿ ಹಾಸಿದಂಥ ಮೋಡ ಕಾಲ ಕೆಳಗೆ ಬರುತ್ತದೆ. ಕಣಿವೆಯ ತಳದಲ್ಲಿ ಹೊಳೆ ಬೆಳ್ಳಿಯ ಎಳೆಯ ಹಾಗೆ ಮಲಗಿರುತ್ತದೆ. ವಳಸಂಗದಲ್ಲಿ ಹುಟ್ಟಿ ಬೋಳು ಮಡ್ಡಿ ದಿಬ್ಬಗಳನ್ನಷ್ಟೇ ಕಂಡಿದ್ದ ಸಿದ್ದಲಿಂಗವ್ವ ಇದನ್ನೆಲ್ಲ ಕಥೆಯಂತೆ ಕೇಳುತ್ತಿದ್ದಳು. ಒಂದು ಸಲ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಹೇಳುವನು, ಅವಳು ನಗುವಳು.

ಸಂಸ್ಥಾನ ಹೋಯಿತು, ಕಾರಭಾರಿಯವರು ಪುಣೆ ಸೇರಿದರು. ಸೋಮನಿಂಗಪ್ಪ ಪೇಟೆಯ ಒಂದು ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿದ. ಐದು ವರ್ಷದ ನಂತರ, ಶಿವರಾತ್ರಿಯ ಮುಂದೆ, ಸಿದ್ದಲಿಂಗವ್ವನ ಕಣ್ಣು ತೋರಿಸಲು ಮಿರಜಿಗೆ ಹೋದರು. ಅವಳ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನ ನರವೂ ಒಣಗುತ್ತಿದೆ, ಇದಕ್ಕೆ ಔಷಧವಿಲ್ಲ, ಈ ಬೇಸಿಗೆ ಮುಗಿಯುವವರೆಗೆ ದೃಷ್ಟಿ ಇದ್ದರೆ ಹೆಚ್ಚು ಎಂದರು ಡಾಕ್ಟರರು. ಮನೆ ಮುಟ್ಟಿದ ಮೇಲೆ ಸಿದ್ದಲಿಂಗವ್ವನೇ ಬಾಯಿ ತೆರೆದಳು.

"ಗುಡ್ಡ ತೋರಸ್ತೀನಿ ಅಂತಿದ್ರಲ್ಲ, ಈಗ ತೋರಸ್ರಿ. ಎರಡು ಗಂಟು ಕಟ್ಟಿ ನಾಳೆ ಬಸ್ಸ ಹತ್ತೂಣು."

"ನಾಳೆ ಹೆಂಗ ಆಗತೈತಿ? ಅದಕ್ಕೊಂದು ರೀತಿ ಐತಿ," ಎಂದ ಸೋಮನಿಂಗಪ್ಪ.

ಮರುದಿನವೇ ಅವನು ಸಾಮಾನಿನ ಯಾದಿ ಬರೆಯಲು ಕೂತ. ಮರಾಠಿ ದಫ್ತರದ ಮೋಡಿ ಅಕ್ಷರದಲ್ಲಿ, ಕೋಠಿಯ ಯಾದಿ ಬರೆಯುತ್ತಿದ್ದ ಹಾಗೆಯೇ. ಕಂಬಳಿ ನಾಲ್ಕು. ಕಂದೀಲು ಎರಡು. ಶೇಗಡಿ ಒಂದು. ಖಡಕ್ ರೊಟ್ಟಿ, ಶೇಂಗಾದ ಹಿಂಡಿ, ಥಂಡಿಗೆ ಕಾಯಿಸಿ ಕುಡಿಯಲು ಶುಂಠಿ. ಯಾದಿಯನ್ನು ದೇವರ ಮಾಡದ ಪಕ್ಕದ ಗೋಡೆಗೆ ಅಂಟಿಸಿದ. ಮಹಾಬಳೇಶ್ವರದ ಪೇಟೆಯಲ್ಲಿ ವಿಠೋಬನೆಂಬ ಹುರಿಗಡಲೆ ಅಂಗಡಿಯವನ ಪರಿಚಯವಿತ್ತು. ಅವನಿಗೆ ಕೋಣೆಗಾಗಿ ಕಾಗದ ಬರೆದ. ಉತ್ತರ ಬರಲು ಹದಿನೈದು ದಿನ ಹಿಡಿಯಿತು. ಕೋಣೆಗೆ ಕಿಟಕಿ ಉಂಟೋ, ಯಾವ ದಿಕ್ಕಿಗೆ ಉಂಟೋ ಎಂದು ಮತ್ತೆ ಬರೆದ. ಇನ್ನೂ ಹದಿನೈದು ದಿನ. ಯುಗಾದಿ ದಾಟಿತು. ಹೊಸ ಕಂಬಳಿಗಳನ್ನು ಮುಚ್ಚಂಡಿಯ ಕುರುಬರಿಗೆ ಹೇಳಿ ನೇಯಿಸಿದ, ಅದಕ್ಕೆ ಬಸವ ಜಯಂತಿಯವರೆಗೆ ಕಾಯಬೇಕಾಯಿತು.

ಸಿದ್ದಲಿಂಗವ್ವನ ತಮ್ಮ ತಮ್ಮಣ್ಣ ವಳಸಂಗದಿಂದ ಸಂತೆಗೆ ಬಂದಾಗಲೆಲ್ಲ ಯಾದಿಯ ಮುಂದೆ ನಿಂತು ಚೇಷ್ಟೆ ಮಾಡುತ್ತಿದ್ದ.

"ಮಾವ, ಇದರಾಗ ಆನಿ ಒಂಟಿ ಬರೆಯೂದು ಬಿಟ್ಟೀರೇನು? ಹೋಗಾವ್ರು ನಾಕ ಮಂದಿ, ದಂಡಿಗೆ ಹೊಂಟಂಗ ನಡಿಸೀರಿ."

ಸೋಮನಿಂಗಪ್ಪ ನಗಲಿಲ್ಲ. ಒಂದು ವರ್ಷ ಶೇಗಡಿ ಇಡುವುದು ತಡವಾಗಿ ಧನಿಗಳ ಸಣ್ಣ ಕೂಸಿಗೆ ಜ್ವರ ಬಂದಿತ್ತು. ಅಂದು ಬೈಸಿಕೊಂಡದ್ದನ್ನು ಅವನು ಮರೆತಿರಲಿಲ್ಲ. ಸಿದ್ಧತೆಯಿಲ್ಲದ ಕೋಣೆಗೆ ಹೆಂಡತಿಯನ್ನು ಕರೆದೊಯ್ಯುವುದು ಅವನ ಮನಸ್ಸಿಗೆ ಒಗ್ಗಲಿಲ್ಲ. ಇಷ್ಟು ದಿನ ಧನಿಗಳಿಗೆ ಮಾಡಿದ್ದನ್ನು ಒಂದು ಸಲವಾದರೂ ಇವಳಿಗೆ ಮಾಡಬೇಕೆಂಬ ಆಸೆಯೂ ಇತ್ತು. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಇತ್ತ ಸಿದ್ದಲಿಂಗವ್ವನ ಕಣ್ಣಿನ ಬೆಳಕು ದಿನದಿಂದ ದಿನಕ್ಕೆ ಕಿರಿದಾಗುತ್ತಿತ್ತು. ಅವಳು ಯಾರಿಗೂ ತೋರಗೊಡಲಿಲ್ಲ. ಒಲೆ, ಬಾನಿ, ಹೊಸ್ತಿಲು ಎಲ್ಲ ಕೈಗೆ ಕಾಲಿಗೆ ಗೊತ್ತಿದ್ದವು. ಹದಿನಾರರ ಮಗಳು ಭಾಗವ್ವನಿಗೆ ಮಾತ್ರ ತಿಳಿದಿತ್ತು, ಏಕೆಂದರೆ ಅಕ್ಕಿಯಲ್ಲಿ ಹರಳು ಆರಿಸುವ ಕೆಲಸವನ್ನು ತಾಯಿ ತಾನಾಗಿ ಅವಳ ಮುಂದೆ ಸರಿಸಿದ್ದಳು. ಅಪ್ಪನಿಗೆ ಹೇಳುತ್ತೇನೆಂದು ಮಗಳು ಎದ್ದರೆ ತಾಯಿ ಸೆರಗು ಹಿಡಿದು ಕೂರಿಸಿದಳು. ಯಾದಿಯಲ್ಲಿ ಇನ್ನು ಎರಡೇ ಸಾಮಾನು ಉಳಿದಿವೆಯಂತೆ, ಆಗಲಿ ಬಿಡು ಎಂದಳು.

ಆ ಎರಡೂ ಬಂದದ್ದು ಮೇ ತಿಂಗಳ ನಡುವೆ. ಅಂಗಡಿಯಲ್ಲಿ ರಜೆ ಕೇಳಿಕೊಂಡು ಸೋಮನಿಂಗಪ್ಪ ಸಾಮಾನಿನೊಡನೆ ಒಬ್ಬನೇ ಮುಂದೆ ಹೊರಟ. ಎಂಟು ದಿನದ ನಂತರ ತಮ್ಮಣ್ಣ ಉಳಿದವರನ್ನು ಕರೆತರಬೇಕು. ಮಿರಜಿನವರೆಗೆ ಬಸ್ಸು, ಅಲ್ಲಿಂದ ರೈಲು, ವಾಠಾರ ಸ್ಟೇಶನ್ನಿನಲ್ಲಿ ಇಳಿದು ಮತ್ತೆ ಬಸ್ಸು, ಎಲ್ಲವನ್ನೂ ಭಾಗವ್ವನ ಕೈಯಿಂದ ಬರೆಯಿಸಿದ. ಬಸ್ಸು ಹೊರಡುವಾಗ ಸಿದ್ದಲಿಂಗವ್ವ ಅವನತ್ತ ಕೈ ಬೀಸಿದಳು. ಆಗ ಅವನ ಮುಖ ಅವಳಿಗೆ ಕಂಡಿತ್ತು. ಇದನ್ನು ಅವಳೇ ಮುಂದೆ ಎಷ್ಟೋ ಸಲ ಹೇಳಿದ್ದಾಳೆ.

ಐದನೆಯ ದಿನ ಬೆಳಿಗ್ಗೆ ಎದ್ದಾಗ ಏನೂ ಕಾಣಲಿಲ್ಲ. ಹೊತ್ತು ಮೂಡಿತೇ ಎಂದು ಮಗಳನ್ನು ಕೇಳಿದಳು. ಭಾಗವ್ವ ಅಳತೊಡಗಿದಾಗ ತಿಳಿಯಿತು. ಸುದ್ದಿ ಕೇಳಿ ಬಂದ ತಮ್ಮಣ್ಣ ಈಗ ಹೋಗುವುದು ಬೇಡ, ಮಾವನಿಗೆ ತಾರು ಕೊಟ್ಟು ಕರೆಸೋಣ ಎಂದ.

"ಅವರು ಅಲ್ಲಿ ಕ್ವಾಣಿ ಸಾರಿಸಿ, ಶೇಗಡಿ ಇಟ್ಟು ದಾರಿ ಕಾಯಕೋತ ಕುಂತಾರ," ಎಂದಳು ಸಿದ್ದಲಿಂಗವ್ವ. "ನಾ ಹೋಗಲಿಲ್ಲಂದ್ರ ಅದನ್ನೆಲ್ಲ ಯಾರಿಗೆ ಮಾಡಿದಂಗಾತು? ನಡಿ, ಹೋಗೂಣು. ನಾನ ಹೇಳತೀನಿ ಅವರಿಗೆ. ನೀವ್ಯಾರೂ ಹೇಳಬ್ಯಾಡ್ರಿ."

ಮಹಾಬಳೇಶ್ವರದಲ್ಲಿ ಅವರು ಇಳಿದಾಗ ಸಂಜೆಯಾಗಿತ್ತು, ಮಂಜು ಕವಿದಿತ್ತು. ಮಗಳ ತೋಳು ಹಿಡಿದು ಇಳಿದ ಹೆಂಡತಿಯನ್ನು ನೋಡಿ, ಪ್ರಯಾಣದ ದಣಿವೆಂದು ಸೋಮನಿಂಗಪ್ಪ ತಿಳಿದ. ಕೋಣೆ ಬೆಚ್ಚಗಿತ್ತು. ಬೆಳಿಗ್ಗೆ ಕಣ್ಣು ತೆರೆದ ಕೂಡಲೇ ಕಣಿವೆ ಕಾಣಲೆಂದು ಅವಳ ಹಾಸಿಗೆಯನ್ನು ಕಿಟಕಿಯ ಎದುರಿಗೇ ಹಾಸಿದ್ದ. ಅವಳು ಕೈಯಾಡಿಸಿ ಹೊಸ ಕಂಬಳಿ ಮುಟ್ಟಿದಳು, ಭಾಳ ಚಲೋ ಆಗೈತಿ ಎಂದಳು. ಹೇಳಬೇಕೆಂದಿದ್ದ ಮಾತು ಬಾಯಿಗೆ ಬರಲಿಲ್ಲ.

ಮರುದಿನ ಮುಂಜಾನೆ, ಮಗಳ ತೋಳು ಹಿಡಿದೇ ಇದ್ದ ಅವಳನ್ನು ಸೋಮನಿಂಗಪ್ಪ ಕಣಿವೆಯ ಅಂಚಿನ ಕಟ್ಟೆಗೆ ಕರೆದೊಯ್ದ. ಮಂಜು ಇನ್ನೂ ಇತ್ತು. ತುಸು ತಾಳು, ಈಗ ಸರಿಯುತ್ತದೆ ಎನ್ನುತ್ತ ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಮಂಜು ಸರಿಯಿತು. ಭಾಗವ್ವ ತನಗರಿಯದೆ ಎದ್ದು ನಿಂತಳು. ಸೋಮನಿಂಗಪ್ಪ ಹೆಂಡತಿಯ ಕಡೆ ತಿರುಗಿದ. ಅವಳ ಮುಖ ಕಣಿವೆಯ ಕಡೆಗಿರಲಿಲ್ಲ, ಅವನ ದನಿ ಬಂದ ಕಡೆಗಿತ್ತು.

"ಸಿದ್ದಲಿಂಗೀ," ಎಂದ. "ಯಾವಾಗಿಂದ?"

"ನೀವು ಈ ಕಡೆ ಬಂದ ಐದನೇ ದಿನ."

ಅವನು ಬೆರಳು ಮಡಚಿ ಏನೋ ಎಣಿಸಿದ. ಕಂಬಳಿಯ ದಿನಗಳು, ಕಾಗದದ ದಿನಗಳು, ಈ ಎಂಟು ದಿನ. ಅರ್ಧಕ್ಕೇ ಕೈ ಬಿಟ್ಟ.

"ಇರಲಿ. ಏನೇನ ಕಾಣತೈತಿ ಹೇಳ್ರಿ," ಎಂದಳು.

ಹತ್ತಿ ಹಿಂಜಿದಂಥ ಮೋಡ ಎಂದು ಅವನು ಶುರುಮಾಡಿದ. ಬೆಳ್ಳಿಯ ಎಳಿಯಂಥ ಹೊಳಿ ಎಂದ.

"ಅದು ಮನ್ಯಾಗ ಹೇಳತಿದ್ದದ್ದು. ಈಗ ನಿಮ್ಮ ಕಣ್ಣಿಗಿ ಏನ ಕಾಣತೈತಿ ಅದನ್ನ ಹೇಳ್ರಿ."

ಸೋಮನಿಂಗಪ್ಪ ಕಣಿವೆಯನ್ನು ನೋಡಿದ. ಹದಿನೆಂಟು ವರ್ಷ ಬಂದು ಹೋಗಿಯೂ ಅವನು ಅದನ್ನು ಕೂತು ಕಣ್ಣಿಟ್ಟು ನೋಡುತ್ತಿದ್ದದ್ದು ಅದೇ ಮೊದಲು. "ಕೆಳಗ ಹೊಳಿ ಐತಿ," ಎಂದ. "ಭಾಳ ದೂರ ಐತಿ."

ಹತ್ತು ದಿನಕ್ಕೆಂದು ಹಿಡಿದ ಕೋಣೆಯನ್ನು ಮೂರನೆಯ ದಿನವೇ ಬಿಟ್ಟರು. ಕಿಟಕಿಯಿಂದ ಗಾಳಿ ಬರುತ್ತದೆಂದು ಎರಡನೆಯ ರಾತ್ರಿ ಸಿದ್ದಲಿಂಗವ್ವ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ಹೊರಡುವಾಗ ಸಾಮಾನು ಕಟ್ಟಿ ಬೀಗ ಹಾಕಿ ಬರಲು ಸೋಮನಿಂಗಪ್ಪ ಹಿಂದೆ ಉಳಿಯಲಿಲ್ಲ. ಆ ಕೆಲಸವನ್ನು ತಮ್ಮಣ್ಣನಿಗೆ ಹೇಳಿ, ಹೆಂಡತಿಯ ಕೈ ಹಿಡಿದು, ಮೆಟ್ಟಿಲು ಎಷ್ಟಿವೆಯೆಂದು ಹೇಳುತ್ತ ಮೊದಲ ಬಸ್ಸನ್ನೇ ಹತ್ತಿದ.